ತತ್ತಿಯೊಳಗಿನ ಮರಿಯ ಬಿಪಿ ಕೆಡದಂತೆ ಕಾವು ಕೊಡೋದು ಹೇಗೆ

ಜವಾರಿ ಕೋಳಿ ತತ್ತಿ ತಂದು, ಮನೆಯಲ್ಲೇ ಸಣ್ಣ ಮಷೀನಿಟ್ಟು ಮರಿ ಮಾಡಿಸುವವರಿಗೆ ಇದು. ಅದರಲ್ಲೂ ನಮ್ಮ ರಾಯಚೂರು, ಸಿಂಧನೂರು, ಗಂಗಾವತಿ ಕಡೆಯವರಿಗೆ. ಎಷ್ಟು ಡಿಗ್ರಿ ಇಡಬೇಕು, ದಿನಕ್ಕೆ ಎಷ್ಟು ಸಲ ತಿರುಗಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಂತ ಹೇಳುವವರು ಕಮ್ಮಿ. ಒಳಗಿರುವ ಮರಿ ತನ್ನ ರಕ್ತದೊತ್ತಡವನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ಅನ್ನೋದನ್ನ ಒಂದು ಸಲ ತಿಳ್ಕೊಂಡರೆ, ಕರೆಂಟ್ ಹೋದಾಗ, ಬಿಸಿಲು ಏರಿದಾಗ, ಮರಿ ಅರ್ಧಕ್ಕೆ ಸಿಕ್ಕಿಕೊಂಡಾಗ ಏನು ಮಾಡಬೇಕು ಅಂತ ನಿಮಗೇ ಹೊಳೆಯುತ್ತದೆ.

ಮೊದಲು ಕಣ್ಣಾರೆ ನೋಡಿ. ಕಾವಿಗಿಟ್ಟ 4 ಅಥವಾ 5ನೇ ದಿನ ರಾತ್ರಿ ಕೋಣೆಯ ಲೈಟ್ ಆರಿಸಿ, ತತ್ತಿಯ ದಪ್ಪ ತುದಿಗೆ ಟಾರ್ಚ್ ಒತ್ತಿ ಹಿಡಿಯಿರಿ. ಕೆಂಪು ರಕ್ತನಾಳಗಳು ಜೇಡನ ಕಾಲಿನ ಹಾಗೆ ನಾಲ್ಕೂ ಕಡೆ ಹರಡಿರುತ್ತವೆ. ನಡುವೆ ಒಂದು ಕಪ್ಪು ಚುಕ್ಕೆ, ಅದು ಮರಿಯ ಕಣ್ಣು. ತತ್ತಿಯನ್ನು ಅಲುಗಾಡಿಸದೆ ಸುಮ್ನೆ ಸ್ವಲ್ಪ ಹೊತ್ತು ನೋಡುತ್ತಾ ಇದ್ದರೆ, ಬಿಳಿ ಸಿಪ್ಪೆಯ ತತ್ತಿಯಾದರೆ, ಅದರ ಪಕ್ಕದಲ್ಲೇ ಟಿಕ್ ಟಿಕ್ ಅಂತ ಮಿಡಿಯುವ ಕೆಂಪು ಕಾಣುತ್ತದೆ. ಅದೇ ಹೃದಯ. ಎರಡನೇ ದಿನದೊಳಗೇ ಅದು ಬಡಿಯೋಕೆ ಶುರು ಮಾಡಿರುತ್ತದೆ. ರಕ್ತನಾಳಗಳು ಕಾಣದೆ ಬರೀ ಒಂದು ಕೆಂಪು ಉಂಗುರ ಕಂಡರೆ ಮರಿ ಸತ್ತಿದೆ ಅಂತ ಅರ್ಥ, ಆ ತತ್ತಿ ತೆಗೆದುಬಿಡಿ.

ಈಗ ಒತ್ತಡದ ವಿಷಯ. ನಮಗೆ 120/80 ಅಂತಾರಲ್ವಾ? 6ನೇ ದಿನದ ಮರಿಯಲ್ಲಿ ಮೇಲಿನ ಅಂಕಿ ಬರೀ 2ರ ಆಸುಪಾಸು. ಹೊರಗೆ ಬರುವ ಹೊತ್ತಿಗೆ 20 ದಾಟಿರುತ್ತದೆ. ಬೆಳೆದ ಕೋಳಿಯಲ್ಲಿ 100ರ ಮೇಲೆ. ಇಷ್ಟು ಕಡಿಮೆ ಒತ್ತಡದಲ್ಲಿ ನಡೆಯುವ ರಕ್ತ ಮರಿಯ ಮೈಯಲ್ಲಷ್ಟೇ ಅಲ್ಲ, ಸಿಪ್ಪೆಯ ಒಳಗೆ ಅಂಟಿಕೊಂಡ ಪೊರೆಯಲ್ಲೂ ಸುತ್ತಬೇಕು. ಮರಿ ತಾನೇ ಉಸಿರಾಡೋಕೆ ಶುರು ಮಾಡುವವರೆಗೆ ಅದರ ಶ್ವಾಸಕೋಶ ಆ ಪೊರೆಯೇ. 11–12ನೇ ದಿನದ ಹೊತ್ತಿಗೆ ಪೊರೆ ಸಿಪ್ಪೆಯ ಒಳಭಾಗವನ್ನೆಲ್ಲ ಮುಚ್ಚಿಕೊಂಡಿರುತ್ತದೆ.

ನಮ್ಮಲ್ಲಿ ಒತ್ತಡ ಏರಿದರೆ ನರ ತಕ್ಷಣ ಹೃದಯವನ್ನು ನಿಧಾನ ಮಾಡಿಸುತ್ತದೆ. ತತ್ತಿಯೊಳಗಿನ ಮರಿಗೆ ಈ ಏರ್ಪಾಟು ಕೊನೆಯ ಕೆಲವು ದಿನಗಳವರೆಗೂ ಸರಿಯಾಗಿ ಕೂಡಿರೋದಿಲ್ಲ. ಅಲ್ಲಿತನಕ ಹೆಚ್ಚಿನ ಕೆಲಸ ರಕ್ತದಲ್ಲಿ ಹರಿಯುವ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಹಾರ್ಮೋನುಗಳದು. ಡೇನ್ ಕ್ರಾಸ್ಲಿ, ಜೋರ್ಡಿ ಆಲ್ಟಿಮಿರಾಸ್ ಅನ್ನೋ ವಿಜ್ಞಾನಿಗಳು 2000ದಲ್ಲಿ ಇದನ್ನೇ ತೋರಿಸಿದರು. ಈ ಹಾರ್ಮೋನು ರಕ್ತನಾಳದಲ್ಲಿ ಕೆಲಸ ಮಾಡದಂತೆ ಔಷಧಿಯಿಂದ ತಡೆದರೆ ಒತ್ತಡ ಕುಸಿಯುತ್ತದೆ, ಹೃದಯದಲ್ಲಿ ತಡೆದರೆ ಬಡಿತ ನಿಧಾನವಾಗುತ್ತದೆ. ಮರಿ ಬಲಿಯುತ್ತಾ ಬಂದಂತೆ ಇದಕ್ಕೆ ಆಂಜಿಯೋಟೆನ್ಸಿನ್ ಅನ್ನೋ ಇನ್ನೊಂದು ಹಾರ್ಮೋನು ಜೊತೆಯಾಗುತ್ತದೆ, ಅದಕ್ಕೆ ಚಾಲನೆ ಕೊಡೋದು ಕಿಡ್ನಿ. ಅದೂ ರಕ್ತನಾಳ ಬಿಗಿದು ಒತ್ತಡ ಏರಿಸುವಂಥದ್ದೇ. ಅಂದರೆ ಮರಿಗೆ ಕಷ್ಟ ಬಂದಾಗ ನಾಳ ಬಿಗಿಯೋ ದಾರಿ ಇದೆ, ಅದರ ಖರ್ಚು ಮಾತ್ರ ಜಾಸ್ತಿ. ಆ ಕಷ್ಟ ಬರದ ಹಾಗೆ ನೋಡಿಕೊಳ್ಳೋದು ನಮ್ಮ ಕೆಲಸ.

ನಮ್ಮ ಕಡೆ ಮೊದಲ ಕಷ್ಟ ಬಿಸಿ. ಫ್ಯಾನ್ ಇರುವ ಮಷೀನಿಗೆ 37.5 ಡಿಗ್ರಿ ಸಾಕು. ಆದರೆ ಸಣ್ಣ ಮಷೀನಿಗೆ ಬಿಸಿ ಮಾಡೋದು ಗೊತ್ತು, ತಣ್ಣಗೆ ಮಾಡೋದು ಗೊತ್ತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಶೀಟಿನ ಕೆಳಗೆ 41 ಡಿಗ್ರಿ ಇದ್ದರೆ, ಬಲ್ಬ್ ಆರಿದ್ದರೂ ಒಳಗೆ 41ಕ್ಕೇ ಬರುತ್ತದೆ. ಮರಿಗೆ ತನ್ನ ಮೈ ತಣ್ಣಗೆ ಮಾಡಿಕೊಳ್ಳೋ ಶಕ್ತಿ ಇಲ್ಲ, ಬಿಸಿ ಏರಿದಷ್ಟೂ ಹೃದಯ ಜೋರಾಗಿ ಬಡಿಯುತ್ತದೆ, ಆಮ್ಲಜನಕದ ಖರ್ಚೂ ಏರುತ್ತದೆ. ಒಂದಿಷ್ಟು ಹೊತ್ತಿನ ತಂಪನ್ನು ತತ್ತಿ ತಡ್ಕೊಳ್ಳುತ್ತದೆ, ಅಷ್ಟೇ ಹೊತ್ತಿನ ಅತಿ ಬಿಸಿಯನ್ನು ತಡ್ಕೊಳ್ಳೋದಿಲ್ಲ. ಹಾಗಾಗಿ ಮಷೀನನ್ನು ಮಣ್ಣಿನ ಮಾಳಿಗೆ ಮನೆಯಲ್ಲಿ ಅಥವಾ ಕಲ್ಲಿನ ಗೋಡೆಯ ಕೆಳಗಿನ ಕೋಣೆಯಲ್ಲಿ ಇಡಿ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ, ಮಷೀನಿನ ಮೇಲೆ ಹಾಕಬೇಡಿ. ಥರ್ಮಾಮೀಟರ್ ತತ್ತಿಗಳ ಎತ್ತರದಲ್ಲೇ ಇರಲಿ. 39 ದಾಟಿದರೆ ಮುಚ್ಚಳ ತೆಗೆದು ಇಳಿಯುವ ತನಕ ಕಾಯಿರಿ. ಅಂಥ ತಂಪು ಕೋಣೆ ಇಲ್ಲದವರು ಬೇಸಿಗೆಯಲ್ಲಿ ಮಷೀನಿಗೆ ತತ್ತಿ ಇಡದೇ ಇರೋದೇ ಒಳ್ಳೇದು ಅಂತ ನಾನು ಖಡಾಖಂಡಿತವಾಗಿ ಹೇಳ್ತೀನಿ.

ಎರಡನೇದು ಗಾಳಿ. ಒಂದು ದೊಡ್ಡ ಕೋಳಿ ತತ್ತಿ 21 ದಿನದಲ್ಲಿ ಸುಮಾರು 6 ಲೀಟರ್ ಆಮ್ಲಜನಕ ಎಳೆದುಕೊಳ್ಳುತ್ತದೆ, ಅದರಲ್ಲಿ ಜಾಸ್ತಿ ಪಾಲು ಕೊನೆಯ ವಾರದ್ದು. ಗಾಳಿ ಕಮ್ಮಿಯಾದರೆ ಆ ಹಾರ್ಮೋನುಗಳು ರಕ್ತಕ್ಕೆ ನುಗ್ಗುತ್ತವೆ. ಹೊಟ್ಟೆಯ ಕಡೆಯ, ಮೈಯ ಕಡೆಯ ನಾಳ ಬಿಗಿಯುತ್ತವೆ, ರಕ್ತ ಮಿದುಳು ಮತ್ತು ಹೃದಯದ ಕಡೆ ತಿರುಗುತ್ತದೆ, ಬಡಿತವೂ ನಿಧಾನವಾಗುತ್ತದೆ. ಸ್ವಲ್ಪ ಹೊತ್ತಿಗೆ ಇದು ಜೀವ ಉಳಿಸುತ್ತದೆ. ದಿನಗಟ್ಟಲೆ ಹೀಗೇ ಆದರೆ ಬೆಳವಣಿಗೆ ಕುಗ್ಗುತ್ತದೆ. ಸುಮಾರು 3,600 ಮೀಟರ್ ಎತ್ತರದ ಬೊಲಿವಿಯಾದ ಲಾ ಪಾಜ್ ಊರಲ್ಲಿ, ಕೆಳಗಿನ ಪ್ರದೇಶದ ಕೋಳಿಗಳ ತತ್ತಿಯನ್ನು ಕಾವಿಗಿಟ್ಟು ನೋಡಿದಾಗ ಮರಿಗಳು ಸಣ್ಣಗಾದವು, ಹೆಚ್ಚುವರಿ ಆಮ್ಲಜನಕ ಕೊಟ್ಟಾಗ ಸರಿಯಾಗಿ ಬೆಳೆದವು. ತತ್ತಿಯಲ್ಲಿ ತಾಯಿಯ ರಕ್ತ ನಡುವೆ ಬರೋದಿಲ್ಲ, ಅದಕ್ಕೇ ಇಂಥದ್ದನ್ನು ಕೋಳಿ ತತ್ತಿಯಲ್ಲಿ ಇಷ್ಟು ಚೊಕ್ಕವಾಗಿ ನೋಡೋಕೆ ಆಗೋದು.

ಹಾಗಾಗಿ ಮಷೀನಿನ ತೂತುಗಳನ್ನು ಯಾವತ್ತೂ ಮುಚ್ಚಬೇಡಿ, 14ನೇ ದಿನದಿಂದ ಪೂರ್ತಿ ತೆರೆದಿಡಿ. ಕರೆಂಟ್ ಹೋದಾಗ ಮೊದಲ ವಾರದ ತತ್ತಿಗೆ ಕಂಬಳಿ ಹೊದಿಸಿ, ತೊಂದರೆ ಇಲ್ಲ. ಕೊನೆಯ ವಾರದಲ್ಲಿ ಹಾಗೆ ಸುತ್ತಬೇಡಿ. ಆಗ ಮರಿಗಳು ತಾವೇ ಬಿಸಿ ಹುಟ್ಟಿಸುತ್ತಿರುತ್ತವೆ, ಅವಕ್ಕೆ ಬೇಕಿರೋದು ಗಾಳಿ.

ನೀರಿನ ಲೆಕ್ಕ ತೂಕದಲ್ಲಿದೆ. ಕಾವಿಗಿಡುವ ದಿನ ತೂಗಿ, ಪೆನ್ಸಿಲಿನಿಂದ ಸಿಪ್ಪೆಯ ಮೇಲೇ ಬರೆದಿಡಿ. 18ನೇ ದಿನದ ಹೊತ್ತಿಗೆ ನೂರಕ್ಕೆ 11ರಿಂದ 13ರಷ್ಟು ಇಳಿದಿರಬೇಕು, ಅಂದರೆ 50 ಗ್ರಾಂ ತತ್ತಿ 44ರ ಹತ್ತಿರ. ಅದಕ್ಕಿಂತ ಜಾಸ್ತಿ ಇಳಿಯುತ್ತಿದ್ದರೆ ಮರಿ ಒಣಗುತ್ತಿದೆ, ಅದರ ರಕ್ತದ ಪ್ರಮಾಣಕ್ಕೇ ಹೊಡೆತ. ಮಷೀನಿನೊಳಗಿನ ನೀರಿನ ತಟ್ಟೆಯ ಆಳ ಹೆಚ್ಚಿಸಿ ಪ್ರಯೋಜನ ಇಲ್ಲ, ಅಗಲವಾದ ತಟ್ಟೆ ಇಡಿ. ತೇವಾಂಶ 18ನೇ ದಿನದವರೆಗೆ ನೂರಕ್ಕೆ 50–55, ಆಮೇಲೆ 65–70. ಮಳೆಗಾಲದಲ್ಲಿ ನೀರು ಕಡಿಮೆ ಬೇಕಾಗಬಹುದು, ತೂಕ ನೋಡಿಯೇ ತೀರ್ಮಾನಿಸಿ.

18ನೇ ದಿನ ತಿರುಗಿಸೋದು ನಿಲ್ಲಿಸಿ. ಇಲ್ಲಿಂದ ಮರಿಯೊಳಗೆ ದೊಡ್ಡ ಬದಲಾವಣೆ. ನರದ ಹಿಡಿತ ಕೂಡಿಕೊಳ್ಳುತ್ತಾ ಬರುತ್ತದೆ, ಥೈರಾಯ್ಡ್ ಹಾರ್ಮೋನು ಏರುತ್ತದೆ. ಮರಿ ಮೊದಲು ತತ್ತಿಯ ದಪ್ಪ ತುದಿಯಲ್ಲಿರುವ ಒಳಗಿನ ಗಾಳಿಗೂಡಿಗೆ ಕೊಕ್ಕು ಚುಚ್ಚಿ ಉಸಿರಾಡೋಕೆ ಶುರು ಮಾಡುತ್ತದೆ, ಕಿವಿಗಿಟ್ಟರೆ ಚಿಂವ್ ಚಿಂವ್ ಕೇಳಿಸುತ್ತದೆ. ಆಮೇಲೆ ಸಿಪ್ಪೆಗೆ ತೂತು. ಅಲ್ಲಿಂದ 12ರಿಂದ 24 ಗಂಟೆ ಅದು ಸುಮ್ಮನೆ ಇದ್ದ ಹಾಗೆ ಕಾಣುತ್ತದೆ. ಇಲ್ಲೇ ನಮ್ಮವರು ತಾಳ್ಮೆ ಕಳ್ಕೊಂಡು ಸಿಪ್ಪೆ ಬಿಡಿಸೋಕೆ ಹೋಗೋದು. ದಯವಿಟ್ಟು ಬೇಡ. ಆ ಹೊತ್ತಿನಲ್ಲಿ ಪೊರೆಯಲ್ಲಿ ಇನ್ನೂ ರಕ್ತ ಓಡಾಡುತ್ತಿರುತ್ತದೆ, ಅದು ನಿಧಾನಕ್ಕೆ ಮರಿಯ ಮೈಯೊಳಗೆ ಹಿಂದಿರುಗಬೇಕು. ಪೊರೆ ಹರಿದರೆ ರಕ್ತ ಸುರಿದುಹೋಗುತ್ತದೆ, ಮೊದಲೇ ಕಡಿಮೆ ಇರುವ ಒತ್ತಡ ಇಳಿದು ಮರಿ ಕೈಯಲ್ಲೇ ಸಾಯುತ್ತದೆ. 24 ಗಂಟೆ ದಾಟಿದ ಮೇಲೂ ಅಲುಗಾಡದಿದ್ದರೆ ಮಾತ್ರ, ಉಗುರುಬೆಚ್ಚನೆ ನೀರಲ್ಲಿ ಬೆರಳು ಅದ್ದಿ ತೂತಿನ ಸುತ್ತಲ ಪೊರೆಯನ್ನು ಒದ್ದೆ ಮಾಡಿ ನೋಡಿ. ಕೆಂಪು ಗೆರೆ ಕಂಡರೆ ಕೈ ತೆಗೆದು ಮುಚ್ಚಳ ಹಾಕಿ, ಇನ್ನೂ ಕೆಲವು ಗಂಟೆ ಕಾಯಿರಿ. ಕೆಂಪು ಇಲ್ಲದೆ ಬಿಳಿಯಾಗಿದ್ದರೆ ತೂತನ್ನು ಒಂದಿಷ್ಟೇ ಅಗಲ ಮಾಡಿ ಬಿಡಿ, ಮಿಕ್ಕಿದ್ದನ್ನು ಮರಿಯೇ ಒದ್ದು ಬರಲಿ. ಮೈ ಒಣಗಿ ಪುಕ್ಕ ಬಿಡಿಬಿಡಿಯಾದ ಮೇಲೆ ಹೊರಗೆ ತೆಗೆಯಿರಿ.