ಫಾಫ್ಸಾ ಫಾರ್ಮಿನ ಒಂದು ಖಾನೆ

ಮಗಳು ಹೈಸ್ಕೂಲಿನ ಕೊನೇ ವರ್ಷದಲ್ಲಿದ್ದಾಳೆ. ಅಮೆರಿಕದಲ್ಲಿ ಕಾಲೇಜಿಗೆ ಸರ್ಕಾರದ ಹಣಸಹಾಯ ಬೇಕಂದ್ರೆ ಫಾಫ್ಸಾ ಅನ್ನೋ ಅರ್ಜಿ ತುಂಬಬೇಕು. ತುಂಬೋಕೆ ದುಡ್ಡೇನೂ ಇಲ್ಲ. ಅವಳಿಗೊಂದು ಖಾತೆ, ನನಗೊಂದು ಖಾತೆ ಮಾಡಿ ಒಂದೇ ಸಂಜೆಯಲ್ಲಿ ಮುಗಿಸಿದೆವು.

ಆಮೇಲೆ ಬಂದ ಎಸ್‌ಎಐ, ಅಂದ್ರೆ ವಿದ್ಯಾರ್ಥಿಗೆ ಎಷ್ಟು ಹಣಸಹಾಯ ಬೇಕು ಅಂತ ಅಳೆಯೋ ಸಂಖ್ಯೆ ನೋಡಿ ಎದೆ ಧಸಕ್ಕೆಂದಿತು. 2024-25ರ ಶೈಕ್ಷಣಿಕ ವರ್ಷದಿಂದ ಹಳೆಯ ಇಎಫ್‌ಸಿ (ಕುಟುಂಬ ಎಷ್ಟು ಕೊಡಬಲ್ಲದು ಅನ್ನೋ ಅಂದಾಜು) ಬದಲು ಬಂದಿರುವ ಲೆಕ್ಕ ಇದು. ಕಡಿಮೆ ಇದ್ದಷ್ಟೂ ಒಳ್ಳೇದು, ಮೈನಸ್ 1500ರವರೆಗೂ ಇಳಿಯಬಹುದು. ನಮ್ಮದು ಮಾತ್ರ ಸಾಹುಕಾರರ ಮನೆಯ ಸಂಖ್ಯೆ!

ಎರಡು ದಿನ ಸರ್ಕಾರವನ್ನೇ ಸುಮ್ನೆ ಬೈದುಕೊಂಡೆ. ಮೂರನೇ ದಿನ ಉತ್ತರಗಳನ್ನು ಒಂದೊಂದಾಗಿ ಓದಿದಾಗ ಗೊತ್ತಾಯ್ತು, ತಪ್ಪು ನನ್ನದೇ. 'ಹೂಡಿಕೆಗಳ ಮೌಲ್ಯ' ಅನ್ನೋ ಖಾನೆಯಲ್ಲಿ ನನ್ನ 401(ಕೆ) ನಿವೃತ್ತಿ ಉಳಿತಾಯವನ್ನೂ, ನಾವಿರುವ ಮನೆಯ ಬೆಲೆಯನ್ನೂ ಸೇರಿಸಿಬಿಟ್ಟಿದ್ದೆ. ಪ್ರಾಮಾಣಿಕತೆ ಜಾಸ್ತಿ ಆಗಿತ್ತು, ಅಲ್ವಾ? ಅವೆರಡನ್ನೂ ಅಲ್ಲಿ ಹಾಕಬಾರದು ಅಂತ ಪ್ರಶ್ನೆಯ ಸಹಾಯ ಟಿಪ್ಪಣಿಯಲ್ಲೇ ಇದೆ. ನಾನು ಓದಿರಲಿಲ್ಲ, ಅಷ್ಟೇ.

ಹೊಸ ಅರ್ಜಿ ಹಾಕಲಿಲ್ಲ. ಕಳಿಸಿದ ಅರ್ಜಿಯನ್ನೇ ತೆರೆದು, ತಿದ್ದುಪಡಿ ಒತ್ತಿ, ಆ ಮೊತ್ತ ತೆಗೆದು, ಸಹಿ ಹಾಕಿ ಮತ್ತೆ ಕಳಿಸಿದೆವು. ಕೆಲವೇ ದಿನಗಳಲ್ಲಿ ಸಂಖ್ಯೆ ಇಳಿಯಿತು. ಮಗಳು ಅರ್ಜಿ ಹಾಕಿದ್ದ ಕಾಲೇಜುಗಳ ಹಣಸಹಾಯ ವಿಭಾಗಕ್ಕೂ ಎರಡು ಸಾಲಿನ ಇಮೇಲ್ ಬರೆದಳು.

ಕೆಲವು ಖಾಸಗಿ ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಅಂತ ಇನ್ನೊಂದು ಫಾರ್ಮನ್ನೂ ಕೇಳುತ್ತವೆ. ಅಲ್ಲಿ ಮನೆಯ ಬಗ್ಗೆಯೂ ಪ್ರಶ್ನೆ ಇರುತ್ತದೆ. ಆ ಸಲ ಟಿಪ್ಪಣಿ ಓದಿಯೇ ತುಂಬಿದೆ.