ಅಂಬಾಸಿಡರ್‌ಗೆ ಡಿಸ್ಕ್ ಬ್ರೇಕ್: ಮಾಸ್ಟರ್ ಸಿಲಿಂಡರ್ ಆರಿಸಿದ್ದು ಹೀಗೆ

ನಮ್ಮ ಮನೆಯ ಅಂಬಾಸಿಡರ್ 1972ರ ಮಾರ್ಕ್ 2. ಅಪ್ಪ ಓಡಿಸುತ್ತಿದ್ದ ಗಾಡಿ, ಈಗ ನನ್ನ ಕೈಯಲ್ಲಿದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಗೋಡೆಗೆ ಶೂಗಳು ಒತ್ತಿ ನಿಲ್ಲಿಸುವಂಥದು. ಚಾಮುಂಡಿ ಬೆಟ್ಟದಿಂದ ಎರಡನೇ ಗೇರಿನಲ್ಲೇ ಇಳಿದರೂ ಕೆಳಗಿನ ತಿರುವುಗಳಿಗೆ ಬರುವಷ್ಟರಲ್ಲಿ ಡ್ರಮ್ ಕಾದು, ಎಷ್ಟು ತುಳಿದರೂ ಹಿಡಿತ ಸಾಲುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ ಕೂತಿರುತ್ತಾರೆ. ಹಾಗಾಗಿ ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಬ್ರೇಕ್, ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಪ್ಯಾಡುಗಳು ಹಿಡಿಯುವಂಥದು, ಹಾಕಲೇಬೇಕು ಅಂತ ನಿರ್ಧರಿಸಿದೆ.

ಡಿಸ್ಕ್ ಹೊಂದಿಸುವುದು ಕಷ್ಟವಾಗಲಿಲ್ಲ. ಆಮೇಲಿನ ಕೆಲವು ಅಂಬಾಸಿಡರ್‌ಗಳು ಮುಂದೆ ಡಿಸ್ಕ್ ಬ್ರೇಕ್ ಇಟ್ಟುಕೊಂಡೇ ಬಂದವು. ಅಂಥ ಒಂದು ಗಾಡಿಯ ಸ್ಟಬ್ ಆಕ್ಸಲ್ (ಮುಂದಿನ ಚಕ್ರ ಕೂರುವ ಅಚ್ಚು), ಡಿಸ್ಕ್, ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಮೂರೂ ಬನ್ನಿಮಂಟಪದ ಕಡೆಯ ಗುಜರಿಯೊಂದರಲ್ಲಿ ಒಟ್ಟಿಗೆ ಸಿಕ್ಕವು. ಅದರಲ್ಲಿ ಕಾಲಿನ ಬಲ ಹೆಚ್ಚಿಸುವ ಬೂಸ್ಟರನ್ನೂ, ಪೆಡಲ್ಲು ತುಳಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರನ್ನೂ ಯಾರೋ ಮೊದಲೇ ಬಿಚ್ಚಿಕೊಂಡು ಹೋಗಿದ್ದರು. ನನ್ನ ನಾಲ್ಕು ತಿಂಗಳು ಹೋದದ್ದು ಸರಿಯಾದ ಮಾಸ್ಟರ್ ಸಿಲಿಂಡರ್ ಒಂದರ ಹಿಂದೆ.

ಮೊದಲು ಹಳೆಯ ಮಾಸ್ಟರ್ ಸಿಲಿಂಡರನ್ನೇ ಉಳಿಸಿಕೊಂಡೆ. ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿ, ತಗಡಿನ ಮುಚ್ಚಳ ತೆಗೆದರೆ ಕಾಣುತ್ತದಲ್ಲ, ಅದೇ. ಲಲಿತಮಹಲ್ ರಸ್ತೆಯಲ್ಲಿ ಎರಡು ಸುತ್ತು ಹೊಡೆದು ಮನೆ ಮುಂದೆ ನಿಲ್ಲಿಸಿದೆ. ನ್ಯೂಟ್ರಲ್‌ನಲ್ಲಿ ತಳ್ಳಿದರೆ ಗಾಡಿ ಕದಲಲಿಲ್ಲ. ಮುಂದಿನ ಹಬ್ ಮುಟ್ಟಲಾಗದಷ್ಟು ಸುಡುತ್ತಿತ್ತು.

ಕಾರಣ ಬಿಚ್ಚಿ ನೋಡಿದಾಗ ತಿಳಿಯಿತು. ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರಿನ ತುದಿಯಲ್ಲಿ ಒಂದು ಸಣ್ಣ ಚೆಕ್ ವಾಲ್ವ್ ಇರುತ್ತದೆ. ಕಾಲು ತೆಗೆದ ಮೇಲೂ ಪೈಪಿನಲ್ಲಿ ಸುಮಾರು 10 ಪಿ.ಎಸ್.ಐ. (ಚದರ ಸೆಂ.ಮೀ.ಗೆ ಸುಮಾರು 0.7 ಕೆ.ಜಿ.) ಒತ್ತಡ ಉಳಿಸುವುದು ಅದರ ಕೆಲಸ. ಶೂಗಳನ್ನು ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಸೀಲು ಅದರ ಗೋಡೆಗೆ ಅಂಟಿಕೊಂಡಿದ್ದು ಗಾಳಿ ಒಳಗೆ ಹೋಗಬಾರದು ಅಂತ ಆ ಏರ್ಪಾಡು. ಡ್ರಮ್ಮಿನಲ್ಲಿ ಶೂಗಳನ್ನು ಹಿಂದಕ್ಕೆಳೆಯಲು ಗಟ್ಟಿ ಸ್ಪ್ರಿಂಗ್ ಇದೆ, ತೊಂದರೆಯಿಲ್ಲ. ಡಿಸ್ಕಿನಲ್ಲಿ ಸ್ಪ್ರಿಂಗೇ ಇಲ್ಲ. ಪಿಸ್ಟನ್ ಸುತ್ತಲಿನ ಸೀಲು ಸ್ವಲ್ಪ ತಿರುಚಿಕೊಂಡು ಕೂದಲೆಳೆಯಷ್ಟು ಹಿಂದಕ್ಕೆಳೆಯುತ್ತದೆ, ಅಷ್ಟೇ. ನನ್ನ ಕ್ಯಾಲಿಪರ್ ಪಿಸ್ಟನ್ 48 ಮಿ.ಮೀ., ಅಂದರೆ 18 ಚದರ ಸೆಂ.ಮೀ. ಅದರ ಮೇಲೆ 10 ಪಿ.ಎಸ್.ಐ. ಅಂದರೆ ಹನ್ನೆರಡು ಕೆ.ಜಿ.ಗೂ ಮಿಕ್ಕಿ ಭಾರ ಪ್ಯಾಡನ್ನು ಸದಾ ಡಿಸ್ಕಿಗೆ ಒತ್ತಿ ಹಿಡಿದಿತ್ತು.

ವಾಲ್ವ್ ಕಿತ್ತು ಬಿಸಾಡಬಹುದಿತ್ತು. ಆದರೆ ಹಿಂದಿನ ಡ್ರಮ್ಮಿಗೆ ಅದು ಬೇಕು, ನಾಲ್ಕೂ ಚಕ್ರಕ್ಕೆ ಇರುವುದು ಒಂದೇ ಲೈನು. ಎಲ್ಲಾದರೂ ಒಂದು ಹೋಸ್ ಒಡೆದರೆ ಪೂರ್ತಿ ಬ್ರೇಕು ಹೋಯಿತು. ಡಿಸ್ಕ್ ಹಾಕಿಯೂ ಆ ಅಪಾಯ ಉಳಿಸಿಕೊಳ್ಳುವುದು ನನಗೆ ಒಪ್ಪಿಗೆಯಾಗಲಿಲ್ಲ. ಮುಂದಕ್ಕೆ ಬೇರೆ, ಹಿಂದಕ್ಕೆ ಬೇರೆ ಲೈನು ಕೊಡುವ ಟ್ಯಾಂಡಮ್ ಸಿಲಿಂಡರೇ ಸರಿ ಅನ್ನಿಸಿತು.

ಯಾವ ಅಳತೆಯದು? "ಸಾರ್, ದಪ್ಪದ್ದೇ ಹಾಕಿ, ಆಯಿಲ್ ಜಾಸ್ತಿ ತಳ್ಳತ್ತೆ, ಗಾಡಿ ಗಪ್ಪಂತ ನಿಲ್ಲತ್ತೆ" ಅಂದರು ಸಾಮಾನಿನ ಅಂಗಡಿಯವರು. ಒಂದಿಂಚು ಬೋರಿನದು, ಅಂದರೆ ಒಳವ್ಯಾಸ 25.4 ಮಿ.ಮೀ., ತಂದು ಕೂರಿಸಿದೆ. ಪೆಡಲ್ಲು ಕಲ್ಲಿನ ಹಾಗಾಯಿತು. ಒಂದಿಷ್ಟೂ ಕೆಳಗಿಳಿಯದು, ಗಾಡಿಯೂ ನಿಲ್ಲದು. ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ಎರಡು ಕಾಲೂ ಇಟ್ಟು ತುಳಿದ ಆ ಕ್ಷಣ ನೆನೆದರೆ ಈಗಲೂ ಎದೆ ನಡುಗುತ್ತದೆ. ಪೆಡಲ್ಲು ಗಟ್ಟಿಯಾದರೆ ಬ್ರೇಕು ಚೆನ್ನಾಗಿದೆ ಅಂತ ನಂಬುವವರು ಬಹಳ ಮಂದಿ. ದಯವಿಟ್ಟು ನಂಬಬೇಡಿ.

ಅವತ್ತು ರಾತ್ರಿ ಟೇಪು, ಕಾಗದ ಹಿಡಿದು ಕೂತೆ. ಪೆಡಲ್ಲಿನ ಕೀಲಿನಿಂದ ಕಾಲಿಡುವ ಜಾಗಕ್ಕೆ 280 ಮಿ.ಮೀ., ಕೀಲಿನಿಂದ ಸಿಲಿಂಡರಿನ ಪಿಸ್ಟನ್ ತಳ್ಳುವ ಪುಶ್ ರಾಡಿಗೆ 55. ಕಾಲಿನ ಬಲ ಐದು ಪಟ್ಟಾಗುತ್ತದೆ. 40 ಕೆ.ಜಿ. ತುಳಿದರೆ ಪುಶ್ ರಾಡಿಗೆ 200. ಒಂದಿಂಚಿನ ಪಿಸ್ಟನ್ನಿನ ವಿಸ್ತೀರ್ಣ 5.07 ಚದರ ಸೆಂ.ಮೀ.; ಭಾಗಿಸಿದರೆ ಚದರ ಸೆಂ.ಮೀ.ಗೆ ಸುಮಾರು 40 ಕೆ.ಜಿ. ಒತ್ತಡ. ಅದೇ ಮುಕ್ಕಾಲು ಇಂಚಿನದಾದರೆ, ಅಂದರೆ 19.05 ಮಿ.ಮೀ., 70 ಕೆ.ಜಿ. ವ್ಯಾಸದಲ್ಲಿ ಕಾಲು ಇಂಚು ವ್ಯತ್ಯಾಸ, ಒತ್ತಡದಲ್ಲಿ ಒಂದೂಮುಕ್ಕಾಲು ಪಟ್ಟು. ಡ್ರಮ್ಮಿನಲ್ಲಿ ಚಕ್ರ ತಿರುಗುವ ರಭಸವೇ ಶೂವನ್ನು ಇನ್ನಷ್ಟು ಒಳಗೆಳೆದು ಒತ್ತುತ್ತದೆ. ಡಿಸ್ಕಿಗೆ ಆ ಸಹಾಯ ಇಲ್ಲ, ಎಲ್ಲ ಒತ್ತಡವನ್ನೂ ಆಯಿಲ್ಲೇ ಕೊಡಬೇಕು. ಬೂಸ್ಟರ್ ಇಲ್ಲದ ನನ್ನ ಗಾಡಿಗೆ ಸಣ್ಣ ಬೋರೇ ಬೇಕಿತ್ತು.

ಹಾಗಂತ ತೀರಾ ಸಣ್ಣದಾದರೆ ಪೆಡಲ್ಲು ಆಳಕ್ಕೆ ಹೋಗುತ್ತದೆ. ಅದಕ್ಕೆ ಆಯಿಲ್ ಲೆಕ್ಕವನ್ನೂ ಹಾಕಿದೆ. ಎರಡು ಕ್ಯಾಲಿಪರ್ ಪಿಸ್ಟನ್ ಸೇರಿ 36 ಚದರ ಸೆಂ.ಮೀ. ಅರ್ಧ ಮಿ.ಮೀ. ಚಲಿಸಲು 1.8 ಸಿ.ಸಿ. ಬೇಕು. ಹಿಂದಿನ ಡ್ರಮ್ಮುಗಳಿಗೆ ಒಂದು ಸಿ.ಸಿ. ಹಿಡಿದೆ. 20.64 ಮಿ.ಮೀ. ಬೋರಿನಲ್ಲಿ ಮುಂದಿನ ಲೈನಿಗೆ 5.4, ಹಿಂದಿನದಕ್ಕೆ 3, ಒಟ್ಟು 8.4 ಮಿ.ಮೀ. ಪುಶ್ ರಾಡ್ ಹೋಗಬೇಕು. ಐದು ಪಟ್ಟು ಮಾಡಿದರೆ ಪೆಡಲ್ಲಿನಲ್ಲಿ 42 ಮಿ.ಮೀ. ಹೋಸ್ ಉಬ್ಬುವುದಕ್ಕೆ ಇನ್ನೊಂದಿಷ್ಟು ಸೇರಿಸಿದರೂ, ಒಂದು ಲೈನು ಕೈಕೊಟ್ಟ ದಿನ ಇನ್ನೊಂದು ಹಿಡಿಯುವಷ್ಟು ಜಾಗ ನೆಲಕ್ಕೂ ಪೆಡಲ್ಲಿಗೂ ಮಧ್ಯೆ ಉಳಿಯುತ್ತದೆ. ಒತ್ತಡ 60 ಕೆ.ಜಿ. ಹತ್ತಿರ. 20.64ನ್ನೇ ಆರಿಸಿದೆ. ಕೊಳ್ಳುವಾಗ ಒಂದು ಎಚ್ಚರ: ಎಷ್ಟೋ ಸಣ್ಣ ಕಾರುಗಳಲ್ಲಿ ಒಂದು ಮುಂದಿನ ಚಕ್ರ, ಅದರ ಓರೆಗಿರುವ ಹಿಂದಿನ ಚಕ್ರ, ಹೀಗೆ ಲೈನು ಹಂಚಿರುತ್ತಾರೆ. ಅಂಥದು ಬೇಡ. ಮುಂದಕ್ಕೊಂದು ಹಿಂದಕ್ಕೊಂದು ಅಂತ ಮಾಡಿದ್ದನ್ನೇ ಕೇಳಿ.

ಸಿಲಿಂಡರನ್ನು ಹಳೆಯ ಜಾಗದಲ್ಲೇ, ನೆಲದಡಿಯಲ್ಲಿ, 6 ಮಿ.ಮೀ. ಪ್ಲೇಟಿನ ಬ್ರಾಕೆಟ್ ಮಾಡಿಸಿ ಕೂರಿಸಿದೆ. ಅಲ್ಲೇ ಆಯಿಲ್ ಡಬ್ಬಿಯೂ ಇದ್ದರೆ ಕ್ಯಾಲಿಪರಿನ ಆಯಿಲ್ ನಿಧಾನಕ್ಕೆ ಕೆಳಗಿಳಿದು ಬರುತ್ತದೆ. ಆಗ ಮುಂದಿನ ಲೈನಿಗೆ 2 ಪಿ.ಎಸ್.ಐ. ವಾಲ್ವ್ ಹಾಕಬೇಕಾಗುತ್ತದೆ. ನಾನು ಡಬ್ಬಿಯನ್ನು ಬಾನೆಟ್ಟಿನೊಳಗೆ ಎತ್ತರದಲ್ಲಿಟ್ಟು ಹೋಸ್ ಎಳೆದೆ. ಮುಂದಕ್ಕೆ ಯಾವ ವಾಲ್ವೂ ಇಲ್ಲ, ಹಿಂದಿನ ಲೈನಿಗೆ ಮಾತ್ರ 10 ಪಿ.ಎಸ್.ಐ.ದು. ಮ್ಯಾಟ್ ಎತ್ತಿ ಆಯಿಲ್ ತುಂಬುವಾಗ ಮಣ್ಣು ಬೀಳುತ್ತಿತ್ತು, ಆ ಕಾಟವೂ ತಪ್ಪಿತು.

ಪುಶ್ ರಾಡನ್ನು ಹೆಬ್ಬಾಳ್ ಕೈಗಾರಿಕಾ ಪ್ರದೇಶದ ಲೇತಿನಲ್ಲಿ ಮಾಡಿಸಿದೆ. ರಾಡಿಗೂ ಪಿಸ್ಟನ್ನಿಗೂ ನಡುವೆ ಒಂದು ಮಿ.ಮೀ. ಸಡಿಲ ಇರಲೇಬೇಕು. ಇಲ್ಲದಿದ್ದರೆ ಆಯಿಲ್ ವಾಪಸ್ ಬರುವ ಸಣ್ಣ ತೂತು ಮುಚ್ಚಿಹೋಗಿ, ಕಾವೇರಿದ ಹಾಗೆಲ್ಲ ಬ್ರೇಕು ತಾನಾಗಿ ಹಿಡಿದುಕೊಳ್ಳುತ್ತದೆ. ಪೈಪುಗಳನ್ನೂ ಹೊಸದಾಗಿಯೇ ಮಾಡಿಸಿ. ಹಳೆಯ ನಟ್ಟಿನ ಥ್ರೆಡ್ಡು ಇಂಚಿನ ಅಳತೆಯದು, 3/8 ಯು.ಎನ್.ಎಫ್.; ಹೊಸ ಸಿಲಿಂಡರಿನ ತೂತಿನದು ಮಿ.ಮೀ. ಅಳತೆಯದು, ಎಂ10. ಕೈಯಲ್ಲಿ ತಿರುಗಿಸಿದರೆ ಹೋಗಿ ಕೂರುತ್ತದೆ, ಸರಿಹೋಯಿತು ಅನ್ನಿಸುತ್ತದೆ, ಜೋರಾಗಿ ತುಳಿದ ದಿನ ಕಿತ್ತು ಬರುತ್ತದೆ.

ಕೊನೆಗೆ ಡಾಟ್ 4 ಬ್ರೇಕ್ ಆಯಿಲ್ ತುಂಬಿ, ಗಾಳಿ ತೆಗೆದು, ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಒಬ್ಬನೇ ಬೆಟ್ಟ ಹತ್ತಿ ಇಳಿದೆ. ಕೆಳಗೆ ನಿಲ್ಲಿಸಿ ಒಂದು ಕೈಯಲ್ಲಿ ತಳ್ಳಿದೆ, ಗಾಡಿ ಸಲೀಸಾಗಿ ಉರುಳಿತು. ಮುಂದಿನ ವಾರ ಅಮ್ಮನನ್ನು ಕೂರಿಸಿಕೊಂಡು ಹೋದೆ.