ಹೇಮಾವತಿಗೆ ಎದುರಾಗಿ, ಭದ್ರೆಯ ಜೊತೆಯಾಗಿ

ಹಾಸನ ಬಿಟ್ಟಾಗ ಬೆಳಿಗ್ಗೆ ಆರು ಗಂಟೆ. ಡಿಸೆಂಬರ್ ಎರಡನೇ ವಾರ, ಹಳೇ ವ್ಯಾಗನ್‌ಆರ್, ಪಕ್ಕದ ಸೀಟಲ್ಲಿ ಅಮ್ಮ, ತಿರುವಲ್ಲಿ ವಾಂತಿ ಬಂದರೆ ಮೂಸೋಕೆ ಅಂತ ಅವಳ ಕೈಯಲ್ಲೊಂದು ನಿಂಬೆಹಣ್ಣು. ಮುಳ್ಳಯ್ಯನಗಿರಿ ಈ ಸಲ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. 1,930 ಮೀಟರ್ ಎತ್ತರ ಹತ್ತಿ, ಫೋಟೊ ತೆಗೆದು, ಇಳಿದು ಬಂದರೆ ಮಲೆನಾಡು ಕಾಣೋದಿಲ್ಲ. ಜನ, ತೋಟ, ಗದ್ದೆ, ದೇವಸ್ಥಾನ ಎಲ್ಲ ಇರೋದು ಬೆಟ್ಟದ ಸಂದಿಯ ಕಣಿವೆಗಳಲ್ಲಿ. ಅದಕ್ಕೇ ದಾರಿಯನ್ನ ಹೊಳೆ ನೋಡಿ ಗೊತ್ತುಮಾಡಿಕೊಂಡೆ. ಹೋಗುವಾಗ ಹೇಮಾವತಿಗೆ ಎದುರಾಗಿ ಸಕಲೇಶಪುರ, ಮೂಡಿಗೆರೆ, ಕೊಟ್ಟಿಗೆಹಾರ, ಜಾವಳಿ. ಗುಡ್ಡ ದಾಟಿ ಕಳಸದಲ್ಲಿ ರಾತ್ರಿ. ಬರುವಾಗ ಭದ್ರೆಯ ಜೊತೆ ಬಾಳೆಹೊನ್ನೂರು, ಆಮೇಲೆ ಆಲ್ದೂರು, ಚಿಕ್ಕಮಗಳೂರು, ಬೇಲೂರು, ಮನೆ.

ಸಕಲೇಶಪುರದ ಸೇತುವೆ ಮೇಲೆ ಹೇಮಾವತಿ ಕಾಣಲಿಲ್ಲ, ಬರೀ ಮಂಜು. ಮಂಜಲ್ಲಿ ಹೈ ಬೀಮ್ ಹಾಕಬಾರದು, ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ಬರುತ್ತೆ. ಲೋ ಬೀಮ್‌ನಲ್ಲಿ ರಸ್ತೆಯ ಎಡ ಅಂಚು ನೋಡಿಕೊಂಡು ನಿಧಾನವಾಗಿ ಹೋದೆ. ಮೂಡಿಗೆರೆಯಲ್ಲಿ ಪೆಟ್ರೋಲ್ ತುಂಬಿಸಿ, ಒಂದಷ್ಟು ನಗದು ಇಟ್ಟುಕೊಂಡೆ. ಮುಂದೆ ಎಷ್ಟೋ ಕಡೆ ನೆಟ್‌ವರ್ಕ್ ಸಿಗಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗಬೇಡಿ.

ಜಾವಳಿಯಲ್ಲಿ ಅಮ್ಮ ಬಹಳ ಹೊತ್ತು ನಿಂತಳು. ಹೇಮಾವತಿ ಹುಟ್ಟೋದು ಇಲ್ಲೇ. ದೇವಸ್ಥಾನದ ಹತ್ತಿರ ಹುಟ್ಟುವ ನೀರು, ಸಣ್ಣದೊಂದು ಕೊಳ, ಅಲ್ಲಿಂದ ಮುಂದಕ್ಕೆ ಅಂಗೈ ಅಡ್ಡ ಹಿಡಿದರೆ ನಿಲ್ಲಿಸಬಹುದೇನೋ ಅನ್ನೋವಷ್ಟು ಸಪೂರ ಹರಿವು. "ಇಷ್ಟೇನೇನೆ? ನಮ್ಮ ಗೊರೂರು ಡ್ಯಾಮ್ ತುಂಬೋದು ಇದರಿಂದಾನಾ?" ಅಂದಳು. ದಾರಿಯಲ್ಲಿ ನೂರು ಹಳ್ಳ ಸೇರ್ತವಮ್ಮ ಅಂದೆ. ಅವಳು ಬಗ್ಗಿ ಬೆರಳು ಅದ್ದಿ ಕಣ್ಣಿಗೆ ಒತ್ತಿಕೊಂಡಳು. ಗೊರೂರಿನ ಹಿನ್ನೀರಲ್ಲಿ ಅವಳ ತವರಿನ ಗದ್ದೆ ಮುಳುಗಿದೆ. ನಾನು ಮತ್ತೇನೂ ಮಾತಾಡಲಿಲ್ಲ.

ಜಾವಳಿ ದಾಟಿ ಕೆಳಗೂರಿನ ಟೀ ತೋಟ, ಅದರಾಚೆ ಕಳಸದ ಕಡೆ ಇಳಿಜಾರು. ಇಲ್ಲೇ ಎಲ್ಲೋ ಗುಡ್ಡದ ನೆತ್ತಿಯಲ್ಲಿ ನೀರು ಪಾಲಾಗುತ್ತೆ. ಆ ಕಡೆ ಬಿದ್ದ ಮಳೆ ಹೇಮಾವತಿ ಹಿಡಿದು ಕಾವೇರಿಗೆ, ಈ ಕಡೆ ಬಿದ್ದದ್ದು ಭದ್ರೆ ಸೇರಿ, ಕೂಡ್ಲಿಯಲ್ಲಿ ತುಂಗೆಯ ಜೊತೆಯಾಗಿ ಕೃಷ್ಣೆಗೆ. ಅದನ್ನ ಅಮ್ಮನಿಗೆ ವಿವರಿಸೋ ಉತ್ಸಾಹದಲ್ಲಿ ಮೂರನೇ ಗೇರಲ್ಲೇ ಬ್ರೇಕ್ ಒತ್ತಿಕೊಂಡು ಇಳಿಯುತ್ತಿದ್ದೆ. ಸುಟ್ಟ ರಬ್ಬರಿನಂಥ ವಾಸನೆ ಬಂತು, ಪೆಡಲ್ ಮೆತ್ತಗಾಯಿತು. ಎದೆ ಧಸಕ್ಕೆಂದಿತು. ಎರಡಕ್ಕೆ, ಆಮೇಲೆ ಒಂದಕ್ಕೆ ಹಾಕಿ, ಸ್ವಲ್ಪ ಅಗಲ ಜಾಗ ಸಿಕ್ಕಿದಲ್ಲಿ ನಿಲ್ಲಿಸಿದೆ. ಕಾಫಿ ಕುಯ್ಯೋರನ್ನ ಬಿಟ್ಟು ಬರುತ್ತಿದ್ದ ಜೀಪಿನವನು ತಾನೇ ನಿಲ್ಲಿಸಿ ಬಂದ. "ಅಕ್ಕಾ, ಚಕ್ರಕ್ಕೆ ನೀರು ಮಾತ್ರ ಹೊಯ್ಬೇಡಿ, ಹಾಗೇ ಆರಕ್ಕೆ ಬಿಡಿ. ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳೀಬೇಕು" ಅಂದ. ಮುಕ್ಕಾಲು ಗಂಟೆ ಕಾದೆವು. ಆಮೇಲೆ ಎರಡು ದಿನವೂ ಇಳಿಜಾರೆಲ್ಲ ಎರಡನೇ ಗೇರಲ್ಲೇ ಇಳಿದೆ. ವೇಗ ತಡೆದಿದ್ದು ಎಂಜಿನ್, ಬ್ರೇಕ್ ಮುಟ್ಟಿದ್ದು ತಿರುವಿಗೆ ಮೊದಲು ಒಂದೊಂದು ಸಲ ಮಾತ್ರ.

ಇನ್ನೆರಡು ಮಾತು ಹೇಳಲೇಬೇಕು. ತಿರುವಿನಲ್ಲಿ ಬಸ್ಸಿಗೆ ಪೂರ್ತಿ ರಸ್ತೆ ಬೇಕು. ಹಾರನ್ ಕೇಳಿಸಿದರೆ ತಿರುವಿಗೆ ಮೊದಲೇ ನಿಂತುಬಿಡಿ, ಹತ್ತಿ ಬರೋ ಗಾಡಿಗೆ ದಾರಿ ಕೊಡಿ. ನೆರಳಿರೋ ಕಡೆ ರಸ್ತೆ ಅಂಚಲ್ಲಿ ಪಾಚಿ ಇರುತ್ತೆ, ಅಲ್ಲಿ ಚಕ್ರ ಇಳಿಸಬೇಡಿ.

ಕಳಸದಲ್ಲಿ ಕಳಸೇಶ್ವರನ ದರ್ಶನ, ಹೊರನಾಡಲ್ಲಿ ಅನ್ನಪೂರ್ಣೇಶ್ವರಿಯ ಊಟ. ಮರುದಿನ ಬಾಳೆಹೊಳೆ, ಮಾಗುಂಡಿ ದಾರಿ. ಭದ್ರೆ ಒಮ್ಮೆ ಕಾಣ್ತಾಳೆ, ಒಮ್ಮೆ ತೋಟದ ಹಿಂದೆ ಮರೆಯಾಗ್ತಾಳೆ. ಒಂದು ಮನೆಯ ಕಣದಲ್ಲಿ ಕಾಫಿ ಒಣಗ್ತಾ ಇತ್ತು. ಅಮ್ಮ ಕೇಳಿಕೊಂಡು ಒಳಗೆ ಹೋದಳು. ಅರ್ಧ ಒಣಗಿದ ಹಣ್ಣು ಕಂದು ಬಣ್ಣಕ್ಕೆ ತಿರುಗಿತ್ತು. ಬೆಲ್ಲ ಹುಳಿಬಂದಂಥ ವಾಸನೆ. ಆ ಮನೆಯ ಅಜ್ಜಿ ಕಾಲಲ್ಲೇ ಸಾಲು ಎಳೆಯುತ್ತಾ ನಡೆಯುತ್ತಿದ್ದರು, ಕಾಳು ಸರಿಯುವ ಸದ್ದು ಮಳೆ ಹನಿದ ಹಾಗಿತ್ತು. ಒಂದು ಹಣ್ಣು ಒಡೆದು ಅಮ್ಮನ ಅಂಗೈಗೆ ಎರಡು ಬೀಜ ಇಟ್ಟರು. ನನಗೆ ಎರಡು ದಿನದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಆ ಕಣದಲ್ಲಿ ಕಳೆದ ಅರ್ಧ ಗಂಟೆ.

ಬಾಳೆಹೊನ್ನೂರಿನ ಹತ್ತಿರವೇ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಇದೆ. ಅಲ್ಲಿಂದ ಆಲ್ದೂರಿನವರೆಗೆ ಸಿಲ್ವರ್ ಓಕ್, ಮೆಣಸಿನ ಬಳ್ಳಿ, ಕಾಫಿ, ಬೇರೆ ಏನೂ ಇಲ್ಲ. ಸಂಜೆ ಕೆಲಸ ಬಿಡೋ ಹೊತ್ತಿಗೆ ಜನ ತುಂಬಿದ ಪಿಕಪ್‌ಗಳು ಸಾಲಾಗಿ ಬರ್ತವೆ, ಅಷ್ಟರೊಳಗೆ ದಾಟಿಕೊಂಡರೆ ಒಳ್ಳೆಯದು.

ಊರಿಗೆ ಬಂದ ಮರುದಿನವೇ ಬ್ರೇಕ್ ಪ್ಯಾಡ್ ಬದಲಾಯಿಸಿದೆ. ಮಾರ್ಚಿನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸೋ ಮಳೆ, ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತೆ, ಮೂರ್ನಾಲ್ಕು ದಿನ ಅಷ್ಟೇ. ಆಲ್ದೂರಲ್ಲಿರೋ ಗೆಳತಿಗೆ ಮಳೆ ಬಿದ್ದ ದಿನವೇ ಫೋನ್ ಮಾಡೋಕೆ ಹೇಳಿಟ್ಟಿದ್ದೇನೆ.